ರೋಲು ಮುಗಿಸಲು ತೆಗೆದ ಹೂಗಳು

ಅಪ್ಪನ ಅಂಗಿಯನ್ನು ಅವ್ವ ಎರಡು ಸಲ ತೊಳೆಯುತ್ತಿದ್ದಳು. ಮೊದಲ ಸಲ ಬರೀ ನೀರಿನಲ್ಲಿ, ಎರಡನೇ ಸಲ ಸಬಕಾರ ಹಚ್ಚಿ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಅಪ್ಪನಿಗೆ ಪಟಿಕ ಕರಗಿಸುವ ಕೆಲಸ. ಕ್ಷೌರದವರು ಗಲ್ಲಕ್ಕೆ ತಿಕ್ಕುತ್ತಾರಲ್ಲ, ಅದೇ ಪಟಿಕ. ಅಲ್ಲಿ ಅದು ಚೀಲಗಟ್ಟಲೆ ಬರುತ್ತಿತ್ತು. ಒಡೆದು ಪುಡಿ ಮಾಡಿ ತೊಟ್ಟಿಯ ನೀರಿಗೆ ಸುರಿದು ಕಲಕಬೇಕು. ಅದು ಸೇರಿದರೇನೇ ಕಾಗದದ ಮೇಲೆ ಶಾಯಿ ಹರಡದೆ ನಿಲ್ಲುವುದು ಎಂದು ಅಪ್ಪ ಹೇಳುತ್ತಿದ್ದ. ಪಾಳಿ ಮುಗಿಸಿ ಬಂದಾಗ ಅವನ ಹುಬ್ಬು, ಕಿವಿಯ ಸಂದು, ಅಂಗಿಯ ತೋಳು ಎಲ್ಲ ಬೆಳ್ಳಗೆ ಇರುತ್ತಿದ್ದವು. ಆ ಅಂಗಿಗೆ ನೇರವಾಗಿ ಸಬಕಾರ ಹಚ್ಚಿದರೆ ನೊರೆ ಬರುವುದಿಲ್ಲ, ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ಬೇರೆಯಾಗುತ್ತದೆ. ಅದಕ್ಕೇ ಮೊದಲು ಬರೀ ನೀರು. ಸಬಕಾರ ಇಲ್ಲದ ನೀರನ್ನು ಸುಮ್ಮನೆ ಏಕೆ ಚೆಲ್ಲಬೇಕು ಎಂದು ಅವ್ವ ಅದನ್ನು ಒಗೆಯುವ ಕಲ್ಲಿನ ಪಕ್ಕದ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ನಮ್ಮ ಮನೆ ಕಂಡ ದೊಡ್ಡ ಸಂಕಟವೂ ದೊಡ್ಡ ಹೆಮ್ಮೆಯೂ ಹುಟ್ಟಿದ್ದು ಆ ನೀರಿನಿಂದ.

ಮನೆ ಎಂದರೆ ಕಾರ್ಖಾನೆಯವರು ಕೊಟ್ಟ ಎರಡು ಖೋಲಿ. ಮುಂದಿನದರಲ್ಲಿ ಒಂದು ಟ್ರಂಕು, ಸುತ್ತಿಟ್ಟ ಹಾಸಿಗೆಗಳು, ಗೂಡಿನಲ್ಲಿ ದೇವರು. ಹಿಂದಿನದರಲ್ಲಿ ಒಲೆ, ಬೀಸುವ ಕಲ್ಲು, ನೀರಿನ ಹಂಡೆ. ಅದರ ಹಿಂದೆ ನಾಲ್ಕು ಹೆಜ್ಜೆಯ ಹಿತ್ತಲು. ಅವ್ವ ನವಲಗುಂದದ ಕಡೆಯ ಎರೆಮಣ್ಣಿನ ಊರಿನವಳು. ದಾಂಡೇಲಿಯ ಕೆಂಪು ಮಣ್ಣನ್ನು ಅವಳು ಮಣ್ಣೆಂದೇ ಒಪ್ಪಿರಲಿಲ್ಲ. ‘ಇಟ್ಟಂಗಿ ಪುಡಿಯಾಗ ಏನ್ ಬೆಳೀತೈತಿ’ ಎನ್ನುತ್ತಲೇ ಆ ನಾಲ್ಕು ಹೆಜ್ಜೆಯಲ್ಲಿ ಪುಂಡಿಪಲ್ಯ, ಬದನೆ, ಮೆಣಸಿನಗಿಡ ಎಲ್ಲ ಬೆಳೆದಳು. ಊಟಕ್ಕೆ ಊರಿನಿಂದ ಬಂದ ಜೋಳದ ರೊಟ್ಟಿಯೇ ಆಗಬೇಕು. ಆದರೆ ಅಪ್ಪ ಕೈಯಿಂದ ಉಣ್ಣುವಂತಿರಲಿಲ್ಲ. ಪಟಿಕಕ್ಕೆ ಅವನ ಅಂಗೈ, ಬೆರಳ ಸಂದು ಎಲ್ಲ ಬೇಸಿಗೆಯ ಕೆರೆಯಂಗಳದಂತೆ ಬಿರಿದಿದ್ದವು. ಖಾರ ತಾಗಿದರೆ ಜೀವ ಹೋಗುವ ಉರಿ. ಅವ್ವ ರೊಟ್ಟಿ ಮುರಿದು ಪಲ್ಯದಲ್ಲಿ ಕಲಸಿ ಕೊಡುತ್ತಿದ್ದಳು, ಅಪ್ಪ ಚಮಚದಿಂದ ಉಣ್ಣುತ್ತಿದ್ದ. ನಮ್ಮ ಸಾಲಿನಲ್ಲಿ ರೊಟ್ಟಿಯನ್ನು ಚಮಚದಲ್ಲಿ ತಿನ್ನುವ ಗಂಡಸು ಅವನೊಬ್ಬನೇ. ಪಕ್ಕದ ಮನೆಯ ಗಂಗವ್ವ ಅವನಿಗೆ ಚಮಚಾ ಸಾಹೇಬ ಎಂದು ಹೆಸರಿಟ್ಟಿದ್ದಳು. ಅಪ್ಪ ಸಿಟ್ಟಾಗುತ್ತಿರಲಿಲ್ಲ.

“ಸಾಹೇಬ ಅಂದಿ ಅಲ್ಲಾ, ಅಷ್ಟ ಸಾಕು. ಚಮಚಾ ನನ್ನ ಮನೀದ ಐತಿ,” ಎನ್ನುತ್ತಿದ್ದ.

ಅವ್ವ ವಾರಕ್ಕೊಮ್ಮೆ ಬಂಗೂರನಗರದ ಒಂದು ಬಂಗಲೆಗೆ ಕಾಳು ಹಸನು ಮಾಡಲು ಹೋಗುತ್ತಿದ್ದಳು. ಅದು ಕಾರ್ಖಾನೆಯ ಕೆಮಿಸ್ಟ್ ಸಾಹೇಬರ ಬಂಗಲೆ. ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ಅವರ ತೋಟದಲ್ಲಿ ಅಂಗೈಯಗಲದ ಎಲೆಯ ಪೊದೆಯೊಂದಿತ್ತು; ಸಣ್ಣ ಸಣ್ಣ ಹೂಗಳೆಲ್ಲ ಒತ್ತಾಗಿ ಕೂಡಿ ಮಗುವಿನ ತಲೆಯಷ್ಟು ದೊಡ್ಡ ಉಂಡೆಯಾಗುವ ಹೂವು. ಮಾಲಿ ಕತ್ತರಿಸಿ ಎಸೆದಿದ್ದ ಎರಡು ಕಡ್ಡಿಗಳನ್ನು ಅವ್ವ ಸೆರಗಿನಲ್ಲಿ ಸುತ್ತಿ ತಂದಳು. ಒಂದನ್ನು ಒಗೆಯುವ ಕಲ್ಲಿನ ಪಕ್ಕ ನೆಟ್ಟಳು. ಇನ್ನೊಂದನ್ನು ಹಿಂದಿನ ಗೋಡೆಯ ಬುಡದಲ್ಲಿ, ಪ್ರತಿ ದೀಪಾವಳಿಗೆ ಕೆರೆದ ಹಳೆಯ ಸುಣ್ಣ ಉದುರಿ ಬೀಳುವ ಜಾಗದಲ್ಲಿ. ಅದರ ಹೆಸರು ಹೈಡ್ರೇಂಜಿಯಾ ಎಂದು ನನಗೆ ಗೊತ್ತಾದದ್ದು ಧಾರವಾಡದ ಕಾಲೇಜಿನಲ್ಲಿ. ನಮ್ಮ ಮನೆಯಲ್ಲಿ ಅದು ಸಾಹೇಬರ ಹೂವು. ಮೊದಲ ಮಳೆಗಾಲದಲ್ಲಿ ಎರಡೂ ಗಿಡ ಬಂಗಲೆಯ ಗಿಡದ ಹಾಗೆಯೇ ತಿಳಿಗೆಂಪು ಹೂ ಬಿಟ್ಟವು. ಅವ್ವ ಊರಿನಲ್ಲಿರುವ ತನ್ನ ತಾಯಿಗೆ ಅದನ್ನು ತೋರಿಸಬೇಕೆಂದು ಹಟ ಹಿಡಿದಳು. ತಾಯಿಗೆ ಬಸ್ಸು ಹತ್ತುವ ಶಕ್ತಿ ಇರಲಿಲ್ಲ, ಹೂವು ಬಸ್ಸಿನಲ್ಲಿ ಬಾಡದೆ ಹೋಗುತ್ತಿರಲಿಲ್ಲ.

ಹಾಗೆ ನಮ್ಮ ಹಿತ್ತಲಿಗೆ ಬಂದವರು ಖಾದರ್ ಚಾಚಾ. ನಮ್ಮಿಂದ ಮೂರನೇ ಮನೆ. ಹಳಿಯಾಳದವರು, ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ರಜೆಯ ದಿನ ಮದುವೆಗಳಿಗೆ ಹೋಗಿ ಫೋಟೋ ತೆಗೆಯುತ್ತಿದ್ದರು. ಅವರ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ರೋಲು ಪೂರ್ತಿ ಮುಗಿಯದೆ ಅದನ್ನು ತೊಳೆಯಲು ಬಿಚ್ಚುವ ಹಾಗಿಲ್ಲ. ಮದುವೆಯವರಿಗೋ ಫೋಟೋದ ಅವಸರ. ಕೊನೆಗೆ ಒಂದೋ ಎರಡೋ ಉಳಿದರೆ ಯಾವುದನ್ನಾದರೂ ತೆಗೆದು ರೋಲು ಮುಗಿಸಬೇಕು. ಮನುಷ್ಯರನ್ನು ತೆಗೆದರೆ ಕಾಪಿ ಕೇಳುತ್ತಾರೆ. ಆದ್ದರಿಂದ ಅವರು ನಮ್ಮ ಹೂವನ್ನು ಆರಿಸಿಕೊಂಡರು.

“ಹೂವಿಗೆ ಕಾಪಿ ಬ್ಯಾಡ, ಭಾಬಿ. ಮೂಗು ದಪ್ಪ ಬಂತು ಅಂತ ಮನೀತನಕ ಜಗಳಾ ತರೂದಿಲ್ಲ,” ಎಂದರು.

ಮೊದಲ ಫೋಟೋ ಕೈಗೆ ಬಂದ ದಿನ ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು, ಸೆರಗಿನಿಂದ ಒರೆಸಿ ನೋಡಿದಳು.

“ಇದೇನ್ ಖಾದರಣ್ಣಾ, ನನ್ನ ಹೂವಿಗೆ ಬೂದಿ ಬಡದೈತಿ?”

“ಇದು ಕಪ್ಪು-ಬಿಳಿ ರೋಲ್, ಭಾಬಿ. ಬಣ್ಣಾ ನಿಮ್ಮ ಮನಸಿನ್ಯಾಗ ತುಂಬಕೋರಿ.”

“ನಾ ತುಂಬಕೋತೇನಿ. ನಮ್ಮವ್ವಗ ಊರಾಗ ಯಾರು ತುಂಬಿ ಕೊಡ್ತಾರ?”

ಆ ಕೆಲಸ ನನ್ನ ಪಾಲಿಗೆ ಬಂತು. ಶಾಲೆಗೆ ಹೋಗುವವಳು ಮನೆಯಲ್ಲಿ ನಾನೊಬ್ಬಳೇ. ಫೋಟೋದ ಬೆನ್ನಿಗೆ ಸೀಸದ ಕಡ್ಡಿಯಿಂದ ಹೂವಿನ ಬಣ್ಣ ಬರೆಯಬೇಕು. ಊರಿನಲ್ಲಿ ಯಾರಾದರೂ ಅಜ್ಜಿಗೆ ಓದಿ ಹೇಳಲಿ. ಚಾಚಾ ಎರಡು ಕಾಪಿ ಕೊಡುತ್ತಿದ್ದರು. ಒಂದು ಊರಿಗೆ, ಒಂದು ಮನೆಗೆ. ನಾನು ‘ಕೆಂಪು’ ಎಂದು ಬರೆಯಲು ಹೋದರೆ ಅವ್ವ ಕೈ ಹಿಡಿಯುತ್ತಿದ್ದಳು. ಕೆಂಪು ಅಂದರೆ ಎಂಥ ಕೆಂಪು? ಮೆಣಸಿನಕಾಯಿಯದೋ, ಇಟ್ಟಿಗೆಯದೋ? ಕಡೆಗೆ ಅವಳು ಹೇಳಿದ್ದು: ಹಾಲಿನಲ್ಲಿ ಕುಂಕುಮ ಬಿದ್ದ ಬಣ್ಣ. ಹಾಗೆಯೇ ಬರೆದೆ. ಮೊಗ್ಗು ಬಿರಿಯುವಾಗ ಜೋಳದ ಹಾಲುಗಾಳಿನ ಬಣ್ಣ, ಹಳತಾದಾಗ ಹಿತ್ತಾಳೆ ಕಿಲುಬಿನ ಬಣ್ಣ. ಎರಡನೇ ಮಳೆಗಾಲಕ್ಕೆ ಚಾಚಾ ಕ್ಯಾಮೆರಾವನ್ನು ನನ್ನ ಕೈಗೇ ಕೊಟ್ಟರು. ಹೊಟ್ಟೆಗೆ ಆನಿಸಿ ಹಿಡಿದು, ಮೇಲಿನ ಗಾಜಿನಲ್ಲಿ ಬಗ್ಗಿ ನೋಡಬೇಕು. ಎಡಕ್ಕಿದ್ದದ್ದು ಬಲಕ್ಕೆ ಕಾಣುತ್ತದೆ. ಉಸಿರು ಬಿಗಿಹಿಡಿದು ಗುಂಡಿ ಒತ್ತಬೇಕು. ಎರಡೂ ಗಿಡ ಒಂದೇ ಫೋಟೋದಲ್ಲಿ ಬರುವಂತೆ ನಾನು ಬಚ್ಚಲಿನ ಕಟ್ಟೆಯ ಮೇಲೆ ನಿಲ್ಲುತ್ತಿದ್ದೆ. ಪ್ರತಿ ಸಲ ಅಲ್ಲೇ. ಚಾಚಾ ಹೇಳಿಕೊಟ್ಟಿದ್ದಲ್ಲ, ನನಗೇ ಹಾಗೆ ಬೇಕೆನಿಸಿತ್ತು. ಜಾಗ ಬದಲಾದರೆ ಬದಲಾದದ್ದು ಹೂವೋ ನಾನೋ ಹೇಗೆ ತಿಳಿಯುವುದು?

ಏಕೆಂದರೆ ಹೂವು ಬದಲಾಗುತ್ತಿತ್ತು. ಎರಡನೇ ವರ್ಷ ಕಲ್ಲಿನ ಪಕ್ಕದ ಗಿಡಕ್ಕೆ ಅವ್ವ ಬರೆಸಿದ್ದು ‘ಬದನೆ ಹೂವಿನ ಬಣ್ಣ’. ಮೂರನೇ ವರ್ಷ ಮಳೆ ಹಿಡಿದ ಮೇಲೆ ಬಿಟ್ಟ ಹೂವಿಗೆ ‘ನವಿಲಿನ ಕುತ್ತಿಗೆ’. ಗೋಡೆಯ ಬುಡದ ಗಿಡ ಮಾತ್ರ ಮೂರು ವರ್ಷವೂ ಹಾಲಿನಲ್ಲಿ ಬಿದ್ದ ಕುಂಕುಮವೇ. ಮುಂದೆ ಕಾಲೇಜಿನ ಪ್ರಯೋಗಾಲಯದಲ್ಲಿ ಜೊತೆಯವರು ‘ಬಣ್ಣ ಬದಲಾಯಿತು’ ಎಂದಷ್ಟೇ ಬರೆದು ಮುಗಿಸಿದಾಗ ನಾನು ಯಾವುದರಿಂದ ಯಾವುದಕ್ಕೆ, ಎಷ್ಟು ಹೊತ್ತಿನಲ್ಲಿ ಎಂದು ಬರೆಯುತ್ತಿದ್ದೆ. ಇದನ್ನು ಯಾರು ಕಲಿಸಿದರು ಎಂದು ಮೇಷ್ಟ್ರು ಕೇಳಿದ್ದರು. ನಮ್ಮವ್ವ ಎಂದೆ. ಅವರು ಏನು ಓದಿದ್ದಾರೆ ಎಂದರು. ಏನೂ ಓದಿಲ್ಲ ಎಂದೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಅದಕ್ಕೆ ಪಟ್ಟ ಪಾಡು ಬೇರೆ ಇದೆ; ಆದರೆ ಅಡಿಪಾಯ ಬಿದ್ದದ್ದು ಆ ನಾಲ್ಕು ಹೆಜ್ಜೆಯ ಹಿತ್ತಲಲ್ಲಿ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಆ ಮೂರನೇ ಮಳೆಗಾಲದಲ್ಲಿ ನೀಲಿ ಹೂ ನೋಡಲು ಸಾಲಿನವರೆಲ್ಲ ಬಂದರು. ನೆಲದ ಮೇಲೆ ಅಂಥ ನೀಲಿಯನ್ನು ಯಾರೂ ಕಂಡಿರಲಿಲ್ಲ. ಗಂಗವ್ವ ನಲ್ಲಿಯ ಹತ್ತಿರ ಕೊಡ ಇಟ್ಟು ನಗುತ್ತ ಅಂದಳು:

“ಬಂಗಲೇದಾಗ ಕೆಂಪು, ಇವರ ಮನ್ಯಾಗ ನೀಲಿ! ಚಮಚಾ ಸಾಹೇಬ ಕಾರ್ಖಾನೀ ನೀಲಿ ತಂದು ಬುಡಕ್ಕ ಹಾಕ್ತಾನೋ ಏನೋ!”

ಬಿಳಿ ಕಾಗದ ಇನ್ನಷ್ಟು ಬಿಳಿಯಾಗಿ ಕಾಣಲು ಚೂರು ನೀಲಿ ಬಣ್ಣ ಬೆರೆಸುವುದು ನಮ್ಮ ಸಾಲಿನ ಎಲ್ಲರಿಗೂ ಗೊತ್ತು. ಗಂಗವ್ವ ಆಡಿದ್ದು ತಮಾಷೆಗೆ. ಆದರೆ ಅದೇ ದಿನಗಳಲ್ಲಿ ಕಾರ್ಖಾನೆಯ ಸ್ಟೋರಿನಲ್ಲಿ ಆ ನೀಲಿಯ ಒಂದು ಡಬ್ಬಿ ಕಡಿಮೆ ಬಂದಿತ್ತು. ನಲ್ಲಿಯ ಮಾತು ಗೇಟು ದಾಟಿ ಹೋಯಿತು. ವಾರ ಮುಗಿಯುವುದರೊಳಗೆ ಸ್ಟೋರಿನ ಸಾಹೇಬರಿಂದ ಅಪ್ಪನಿಗೆ ಹೇಳಿಕೆ ಬಂತು: ರವಿವಾರ ಬೆಳಿಗ್ಗೆ ಬಂದು ಹಿತ್ತಲು ನೋಡುತ್ತೇವೆ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡ. ಕಳವು ಎಂದಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮನೆ ಕಾರ್ಖಾನೆಯದು, ಅದೂ ಹೋಗುತ್ತದೆ. ಮನೆ ಹೋದರೆ ನಾನು ಶಾಲೆ ಬಿಟ್ಟು ಅವ್ವನ ಊರಿನ ಎರೆಹೊಲದಲ್ಲಿ ಕಳೆ ಕೀಳಬೇಕು. ಅಪ್ಪ ಆ ಮೂರು ದಿನ ಮುಂದಿನ ಕಟ್ಟೆಯ ಮೇಲೆ, ಹೋಗಿಬರುವವರಿಗೆಲ್ಲ ಕಾಣುವಂತೆ, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ಒಳಗೆ ಕುಳಿತುಕೊಳ್ಳಿ ಎಂದರೆ ಕೇಳಲಿಲ್ಲ.

ರವಿವಾರ ನಾನು ಏಳುವ ಹೊತ್ತಿಗೆ ಹಿತ್ತಲಲ್ಲಿ ಜಗಳ ನಡೆದಿತ್ತು. ಕಲ್ಲಿನ ಪಕ್ಕದ ಗಿಡದಲ್ಲಿ ಒಂದೂ ಹೂವಿರಲಿಲ್ಲ. ಅವ್ವ ಎಲ್ಲವನ್ನೂ ಕುಡುಗೋಲಿನಿಂದ ಕೊಯ್ದು ಬಚ್ಚಲ ಒಲೆಗೆ ಹಾಕಿದ್ದಳು. ಹಸಿ ಹೂವು ಸುಟ್ಟ ಹೊಗೆ ಮನೆಯೆಲ್ಲ ತುಂಬಿತ್ತು.

“ಏನ್ ಮಾಡಿದಿ ಇದು?” ಅಪ್ಪನ ಧ್ವನಿ ಏರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು.

“ಹೂವಽ ಇಲ್ಲಂದ್ರ ಏನ್ ನೋಡ್ತಾರ ಅವರು?”

“ಹೂವ ಇದ್ದಿದ್ರ ಹೂವ ನೋಡ್ತಿದ್ರು. ಈಗ ನನ್ನ ಮಾರಿ ನೋಡ್ತಾರ.”

ಹಾಗೆಯೇ ಆಯಿತು. ಸ್ಟೋರಿನ ಸಾಹೇಬರು ಬಂದರು. ಮಣ್ಣು ಪರೀಕ್ಷೆಗೆಂದು ಜೊತೆಗೆ ಕೆಮಿಸ್ಟ್ ಸಾಹೇಬರನ್ನೂ ಕರೆತಂದಿದ್ದರು. ಬೇಲಿಯ ಆಚೆ ಸಾಲಿನ ಜನ. ಬೋಳು ಗಿಡ ಕಂಡು ಸ್ಟೋರಿನ ಸಾಹೇಬರು ಅಪ್ಪನ ಮುಖ ನೋಡಿದರು.

“ತಪ್ಪು ಮಾಡಿಲ್ಲ ಅಂದ್ರೆ ಕೊಯ್ದದ್ದು ಯಾಕೆ?”

ಅವ್ವ ಸೆರಗು ಬಾಯಿಗೆ ಒತ್ತಿ ನಿಂತಳು. ಅಪ್ಪ ಅವಳ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಹಾಕಲಿಲ್ಲ. “ನಮ್ಮ ಗಿಡಾರೀ, ನಾವು ಕೊಯ್ದೇವಿ,” ಎಂದ. ನನಗೆ ಆಗ ಹದಿಮೂರು. ಒಳಗೆ ಓಡಿ ಟ್ರಂಕಿನಿಂದ ಫೋಟೋಗಳ ಕಟ್ಟನ್ನು ತಂದು ಅವರ ಮುಂದೆ ಹಿಡಿದೆ. ಹೂವು ಸುಟ್ಟಿದ್ದರೂ ಫೋಟೋ ಇವೆ, ಇದರಲ್ಲಿ ಎಲ್ಲ ಇದೆ ಎಂದೆ. ಸ್ಟೋರಿನ ಸಾಹೇಬರು ಎರಡನ್ನು ತಿರುವಿ ನೋಡಿ ನಕ್ಕರು.

“ಇದರಲ್ಲಿ ನೀಲಿ ಎಲ್ಲಿದೆ? ಎಲ್ಲಾ ಬೂದಿ ಬಣ್ಣ.”

ಬೇಲಿಯ ಆಚೆ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಖಾದರ್ ಚಾಚಾ ಜನರನ್ನು ಸರಿಸಿ ಒಳಗೆ ಬಂದರು. ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಒಗೆಯುವ ಕಲ್ಲಿನ ಮೇಲೆ ವರ್ಷದ ಪ್ರಕಾರ ಸಾಲಾಗಿ ಜೋಡಿಸಿದರು.

“ಬೂದಿ ಅಂತೀರಿ, ಖರೆ ಐತಿ ಸಾಹೇಬ್ರ. ಆದ್ರ ಬೂದಿಯಾಗೂ ಫರಕ್ ಐತಿ. ಈ ರೋಲಿನ್ಯಾಗ ಕೆಂಪು ಕರ್ರಗ ಬೀಳ್ತೈತಿ, ನೀಲಿ ಬೆಳ್ಳಗ ಬೀಳ್ತೈತಿ. ಹಳಿಯಾಳದಾಗ ಒಂದು ಮದುವಿಯಾಗ ಹುಡುಗಿ ಆಕಾಶ ಬಣ್ಣದ ಸೀರಿ ಉಟ್ಟಿದ್ಲು. ಫೋಟೋದಾಗ ಬಿಳೀ ಸೀರಿ ಬಂತು. ಅವರತ್ತಿ ಫೋಟೋ ಹಿಡಕೊಂಡು ನಮ್ಮ ಮನೀಗೆ ಬಂದು, ‘ನನ್ನ ಮಗಾ ಜೀವಂತ ಅದಾನ, ಸೊಸೀಗೆ ಬಿಳಿ ಸೀರಿ ಯಾಕ ಉಡಿಸಿದಿ’ ಅಂತ ಚಪ್ಪಲ್ ತೆಗದ್ಲು. ಆವತ್ತಿನಿಂದ ನಾ ಸೀರಿ ಬಣ್ಣ ಕೇಳದ ಫೋಟೋ ತೆಗಿಯೂದಿಲ್ಲ.”

ಜನ ನಕ್ಕರು, ಆ ನಗೆ ಈ ಸಲ ನಮ್ಮ ಕಡೆಗಿತ್ತು. ಎಲ್ಲರೂ ಬಗ್ಗಿ ನೋಡಿದರು. ಮೊದಲ ವರ್ಷ ಎರಡೂ ಗಿಡದ ಹೂವು ಒಂದೇ ಸಮ ಕಪ್ಪು. ಎರಡನೇ ವರ್ಷ ಕಲ್ಲಿನ ಪಕ್ಕದ್ದು ತಿಳಿಯಾಗಿದೆ. ಮೂರನೇ ವರ್ಷ ಅದು ಬೆಳ್ಳಗೆ, ಗೋಡೆಯದು ಮೊದಲಿನ ಹಾಗೇ ಕಪ್ಪು. ಎರಡು ವರ್ಷ ನಾನೇ ತೆಗೆದು, ಮೂರೂ ವರ್ಷ ನಾನೇ ಬೆನ್ನಿಗೆ ಬರೆದಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಫೋಟೋದಲ್ಲಿ ಬಣ್ಣ ಇಲ್ಲ ಎಂದು ನಂಬಿ ನಾನೂ ನೋಡುವುದನ್ನು ಬಿಟ್ಟಿದ್ದೆ. ಚಾಚಾ ಜೇಬಿನಿಂದ ನೆಗೆಟಿವ್ ಪಟ್ಟಿಯೊಂದನ್ನು ತೆಗೆದು ಆಕಾಶಕ್ಕೆ ಹಿಡಿದರು. ಎರಡನೇ ವರ್ಷದ ಹೂವಿನ ಪಕ್ಕದಲ್ಲೇ, ಅದೇ ಪಟ್ಟಿಯಲ್ಲಿ, ಸ್ಟೋರಿನ ಗುಮಾಸ್ತರ ಮಗಳು ಬಾಸಿಂಗ ಕಟ್ಟಿಕೊಂಡು ಕುಳಿತಿದ್ದಳು.

“ಈ ಮದುವೀ ಊಟಾ ನೀವೂ ಉಂಡೀರಿ ಸಾಹೇಬ್ರ. ಹೋದ ವರ್ಷದ್ದು. ಆವಾಗನ ಹೂವ ತಿರುಗಾಕ ಹತ್ತಿತ್ತು. ನಿಮ್ಮ ಡಬ್ಬಿ ಹೋಗಿದ್ದು ಯಾವಾಗ?”

ಡಬ್ಬಿ ಹೋಗಿ ಇನ್ನೂ ತಿಂಗಳೂ ಆಗಿರಲಿಲ್ಲ. ಆಗ ನನಗೆ ಬಾಯಿ ಬಂತು. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು.

“ಎರಡೂ ಗಿಡ ಒಂದ ತಾಯೀವ್ರಿ. ಅಪ್ಪ ನೀಲಿ ತಂದಿದ್ರ ಅವ್ವ ಎರಡಕ್ಕೂ ಹಾಕ್ತಿದ್ಲು. ಇದಕ್ಕ ಅಂಗಿ ತೊಳದ ನೀರ ಬೀಳ್ತೈತಿ, ಅದಕ್ಕ ಗೋಡೀ ಸುಣ್ಣ ಬೀಳ್ತೈತಿ. ಬ್ಯಾರೇ ಏನೂ ಫರಕ್ ಇಲ್ರಿ.”

ಕೆಮಿಸ್ಟ್ ಸಾಹೇಬರು ನನ್ನ ಕಡೆ ತಿರುಗಿದರು.

“ಯಾವ ಅಂಗಿ ಮಗೂ?”

“ಅಪ್ಪನ ಅಂಗಿ ರೀ. ಪಟಿಕದ್ದು.”

ಅವರು ಹಣೆ ಚಚ್ಚಿಕೊಂಡು ನಕ್ಕರು.

“ಪಟಿಕ ಬಿದ್ದರೆ ನೀಲಿ, ಸುಣ್ಣ ಬಿದ್ದರೆ ಕೆಂಪು! ನಮ್ಮ ತೋಟಕ್ಕೆ ತುಂಬಿಸಿದ್ದು ಮನೆ ಕಟ್ಟಿ ಉಳಿದ ಗಾರೆಯ ಮಣ್ಣು, ಅದಕ್ಕೇ ಕೆಂಪು. ನಮ್ಮ ಮನೆಯವರು ನೀಲಿ ಹೂ ಬೇಕು ಅಂತ ವರ್ಷಗಟ್ಟಲೆ ನನ್ನ ತಲೆ ತಿಂದಿದಾರೆ. ನಾನು ಪುಸ್ತಕದಲ್ಲಿ ಓದಿ ಮರೆತಿದ್ದೆ ಕಣಮ್ಮಾ, ನೀನು ನೋಡಿ ತಿಳಿದುಕೊಂಡಿದೀಯ.”

ಸ್ಟೋರಿನ ಸಾಹೇಬರಿಗೆ ಸೋಲಲು ಮನಸ್ಸಿರಲಿಲ್ಲ.

“ಹಾಗಾದ್ರೆ ಪಟಿಕವೂ ಕಾರ್ಖಾನೆಯದೇ ಅಲ್ಲವೇ? ಅದನ್ನ ಮನೆಗೆ ತಂದಂತಾಯ್ತು.”

ಅಪ್ಪ ಮುಂದೆ ಬಂದು ಎರಡೂ ಅಂಗೈ ಬಿಚ್ಚಿ ಅವರ ಮುಖದ ಹತ್ತಿರ ಹಿಡಿದ. ಬಿರುಕುಗಳ ತುಂಬ ಬಿಳಿ ಪುಡಿ ಕೂತಿತ್ತು. ಮೂರು ದಿನ ಕೆಲಸಕ್ಕೆ ಹೋಗದಿದ್ದರೂ ಹೋಗಿರಲಿಲ್ಲ.

“ಇಲ್ಲೂ ಐತ್ರಿ. ಇದನ್ನೂ ಗೇಟಿನ್ಯಾಗ ಬಿಚ್ಚಿಟ್ಟು ಬರಲೇನು?”

ಯಾರೂ ನಗಲಿಲ್ಲ. ಸ್ಟೋರಿನ ಸಾಹೇಬರು ಅತ್ತಿತ್ತ ನೋಡಿ, ಆಯಿತು, ನಾಳೆಯಿಂದ ಕೆಲಸಕ್ಕೆ ಬಾ ಎಂದರು. ಅವ್ವ ಕೈಮುಗಿಯುವುದರಲ್ಲಿದ್ದಳು. ಅಪ್ಪ ಅಡ್ಡ ನಿಂತ.

“ಬರೂದಿಲ್ರಿ. ಬಾಯಿಲೆ ಹೇಳಿದ್ದು ನಲ್ಲೀತನಕ ಹೋಗೂದ್ರಾಗ ಬ್ಯಾರೆ ಆಗ್ತೈತಿ. ಕಾಗದಾ ಮಾಡೂ ಊರಾಗ ಅದೀವಿ. ನನಗೊಂದು ಕಾಗದಾ ಕೊಡ್ರಿ.”

ಸೋಮವಾರ ಕಾರ್ಖಾನೆಯ ಭೋಂಗಾ ಕೂಗಿತು. ಅಪ್ಪ ಕಟ್ಟೆಯಿಂದ ಏಳಲಿಲ್ಲ. ಮಂಗಳವಾರ ಜವಾನನೊಬ್ಬ ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಸಾಲಿನ ಪತ್ರ ತಂದ. ಕೂಡಿಸಿ ಕೂಡಿಸಿ ಓದಿ ಅರ್ಥ ಹೇಳಿದೆ: ಕಳವಿಗೆ ಪುರಾವೆ ಸಿಕ್ಕಿಲ್ಲವಾದ್ದರಿಂದ ಕೆಲಸಕ್ಕೆ ಬರಬಹುದು. ಅಪ್ಪ ಪತ್ರ ಮಡಚಿ ಜವಾನನ ಕೈಗೇ ಹಿಂದಿರುಗಿಸಿದ.

“ಸಿಕ್ಕಿಲ್ಲ ಅಂದ್ರ ಹುಡುಕಾಕ ಹತ್ಯಾರಂತ ಆತು. ಮಾಡಿಲ್ಲ ಅಂತ ಬರದು ಕಳಸ್ರಿ ಅನ್ನು.”

ಅವತ್ತು ಅವ್ವ ಅತ್ತಳು. “ಕೊಟ್ಟದ್ದನ್ನ ಇಸ್ಗೊಂಡು ಹೋಗ್ರೀ, ಈ ಹುಡುಗಿ ಶಾಲೀ ನೋಡ್ರೀ,” ಎಂದು ಒಲೆಯ ಮುಂದೆ ಕುಳಿತು ಬೇಡಿಕೊಂಡಳು. ಅಪ್ಪ ಹೇಳಿದ್ದು ಒಂದೇ ಮಾತು: “ಅಕೀ ಶಾಲೀ ಸಲವಾಗಿನ ಕುಂತೇನಿ.” ಅದರ ಅರ್ಥ ಅವ್ವನಿಗೆ ಆಗಲಿಲ್ಲ. ನನಗೂ ಪೂರ್ತಿ ಆದದ್ದು ದೊಡ್ಡವಳಾದ ಮೇಲೆ, ಯಾರ ಮುಂದೆಯೂ ತಲೆ ತಗ್ಗಿಸದೆ ಒಂದು ಕೋಣೆಯೊಳಗೆ ಹೋಗುವುದು ಏನೆಂದು ತಿಳಿದ ಮೇಲೆ.

ಗುರುವಾರ ಮಧ್ಯಾಹ್ನ ಕೆಮಿಸ್ಟ್ ಸಾಹೇಬರು ತಾವೇ ನಡೆದು ಬಂದರು. ಕೈಯಲ್ಲಿ ದಪ್ಪ ಬಿಳಿ ಹಾಳೆ. ಕನ್ನಡದಲ್ಲಿ ತಾವೇ ಬರೆದು, ಸ್ಟೋರಿನ ಸಾಹೇಬರ ಸಹಿ ಹಾಕಿಸಿ ತಂದಿದ್ದರು. ನಲ್ಲಿಗೆ ನೀರು ಬಿಡುವ ಹೊತ್ತು. ಸಾಲಿನವರೆಲ್ಲ ಕೊಡ ಇಟ್ಟು ನಿಂತಿದ್ದರು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟ. ಕಟ್ಟೆಯ ಮೇಲೆ ನಿಂತು ಓದಿದೆ: ಈ ಮನೆಯವರಿಂದ ಕಳವು ನಡೆದಿಲ್ಲ. ಹೂವಿನ ಬಣ್ಣ ಬಂದದ್ದು ಇವರ ದುಡಿಮೆಯ ಬಟ್ಟೆಯಿಂದ.

ಅಪ್ಪ ತನ್ನ ಹೆಸರು ಎಲ್ಲಿದೆ ತೋರಿಸು ಎಂದ. ಹಾಳೆಯ ತಲೆಯಲ್ಲೇ ಇತ್ತು, ತೋರಿಸಿದೆ. ಅದರ ಕೆಳಗೆ ಬೆರಳು ಎಳೆದು ನೋಡಿದ. ಆಮೇಲೆ ಎದ್ದು ನಿಂತು, ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತ ನನಗೆ ಹೇಳಿದ:

“ಇನ್ನೊಮ್ಮೆ ಓದು. ಜೋರಾಗಿ. ಗಂಗವ್ವಗ ಕಿವಿ ಮಂದ ಆಗ್ಯಾವು.”

ಗಂಗವ್ವನ ಕಿವಿಗೆ ಏನೂ ಆಗಿರಲಿಲ್ಲ. ಅವಳು ತುಂಬಿದ ಕೊಡವನ್ನು ಎತ್ತದೆ ನೆಲ ನೋಡುತ್ತ ನಿಂತಿದ್ದಳು. ನಾನು ಇನ್ನೊಮ್ಮೆ ಓದಿದೆ, ಸಾಲಿನ ಕೊನೆಯ ಮನೆಗೂ ಕೇಳುವಂತೆ. ಓದಿ ಮುಗಿಸುವ ಹೊತ್ತಿಗೆ ಅಪ್ಪ ಎರಡನೇ ಪಾಳಿಗೆ ಹೊರಟು ಅರ್ಧ ದಾರಿ ಮುಟ್ಟಿದ್ದ.